ರೇಡಿಯೋಗೆ ಒಂದು ಪುಟ, ದಂಗೆಗೆ ಒಂದು ಸಾಲು

ಆತ್ಮೀಯ ಓದುಗರೇ,

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ 1923ರ ಬರ್ಲಿನ್ ಕುರಿತ ಲೇಖನ ಓದಿ ನೀವು ಬರೆದ ಪತ್ರ ಕೈಸೇರಿದೆ. ಎರಡು ಸಲ ಓದಿದೆ. ಜರ್ಮನಿಯ ಜನ ಅನ್ನಕ್ಕೆ ಪರದಾಡಿದ ವರ್ಷದ ಬಗ್ಗೆ ಬರೆಯುವಾಗ ರೇಡಿಯೋಗೆ, ನೃತ್ಯಶಾಲೆಗಳಿಗೆ ಪುಟಗಟ್ಟಲೆ ಜಾಗ ಕೊಟ್ಟಿದ್ದೀರಿ, ಮ್ಯೂನಿಕ್‌ನಲ್ಲಿ ಸರ್ಕಾರ ಉರುಳಿಸಲು ಹಿಟ್ಲರ್ ಎಬ್ಬಿಸಿದ ದಂಗೆಗೆ ಮಾತ್ರ ಒಂದೇ ಸಾಲು ಎಂದು ಬೇಸರ ಮಾಡಿಕೊಂಡಿದ್ದೀರಿ. "ಇದು ಚರಿತ್ರೆಯೋ, ಸುಮ್ನೆ ಹೊತ್ತು ಕಳೆಯುವ ಓದೋ?" ಎಂದು ಕೇಳಿದ್ದೀರಿ. ಒಂದು ವಿಷಯದಲ್ಲಿ ನಿಮ್ಮ ಮಾತು ಸರಿ. ಇನ್ನೊಂದರಲ್ಲಿ ನನಗೆ ಒಪ್ಪಿಗೆಯಿಲ್ಲ.

ರೇಡಿಯೋ ವಿಷಯವನ್ನೇ ತೆಗೆದುಕೊಳ್ಳೋಣ. 1923ರ ಅಕ್ಟೋಬರ್ 29ರ ರಾತ್ರಿ ಬರ್ಲಿನ್‌ನ ವೋಕ್ಸ್ ಹೌಸ್ ಕಟ್ಟಡದಿಂದ ಜರ್ಮನಿಯ ಮೊದಲ ಸಾರ್ವಜನಿಕ ಪ್ರಸಾರ ಶುರುವಾಯಿತು. ಕೇಳಲು ಪರವಾನಗಿ ಬೇಕಿತ್ತು. ಅದನ್ನು ಮೊದಲು ಪಡೆದ ತಂಬಾಕು ವ್ಯಾಪಾರಿಯೊಬ್ಬರು ಕಟ್ಟಿದ ಶುಲ್ಕ 35,000 ಕೋಟಿ ಮಾರ್ಕ್. ಅಚ್ಚಿನ ತಪ್ಪಲ್ಲ ಇದು. 1914ರಲ್ಲಿ ಒಂದು ಡಾಲರಿಗೆ 4.2 ಮಾರ್ಕ್ ಇತ್ತು. 1923ರ ನವೆಂಬರ್ ಹೊತ್ತಿಗೆ 4.2 ಲಕ್ಷ ಕೋಟಿ ಆಗಿತ್ತು. ಇಷ್ಟನ್ನೇ ಬರೆದು ಬಿಟ್ಟರೆ ಓದುವವರ ಕಣ್ಣು ಸೊನ್ನೆಗಳ ಮೇಲೆ ಜಾರಿಹೋಗುತ್ತದೆ. ಒಬ್ಬ ಮನುಷ್ಯನ ಕೈಯಲ್ಲಿರುವ ರಸೀದಿಯಲ್ಲಿ ತೋರಿಸಿದರೆ ನಿಂತು ನೋಡುತ್ತಾರೆ. ದುಡ್ಡು ಬರೀ ಕಾಗದವಾಗುತ್ತಿದ್ದ ವಾರದಲ್ಲೂ ಆ ವ್ಯಾಪಾರಿಗೆ ಗಾಳಿಯಲ್ಲಿ ಬರುವ ಸಂಗೀತ ಕೇಳುವ ಆಸೆಯಿತ್ತು, ಅಲ್ವಾ? ಅದನ್ನು ಬಿಟ್ಟು ಆ ವರ್ಷದ ಕತೆ ಹೇಳುವುದು ನನ್ನಿಂದಾಗದು.

ನೃತ್ಯಶಾಲೆಗಳು ಯಾಕೆ ತುಂಬಿದ್ದವು ಅನ್ನುವುದಕ್ಕೂ ಕಾರಣವಿದೆ. ಕೂಡಿಟ್ಟ ಹಣ ಬೆಳಗಾಗುವುದರೊಳಗೆ ಕರಗುವಾಗ, ಇವತ್ತೇ ಖರ್ಚು ಮಾಡುವುದು ಜಾಣತನ. ಸಾಲ ಮಾಡಿದವರು ಉಳಿದುಕೊಂಡರು, ಉಳಿತಾಯ ಮಾಡಿದವರು ಮುಳುಗಿದರು. ಜೀವನವಿಡೀ ಪೈಸೆ ಪೈಸೆ ಜೋಡಿಸಿದ ಗುಮಾಸ್ತ, ಪಿಂಚಣಿ ನಂಬಿದ ಮುದುಕಿ, ಇವರಿಗೆ ಹೋಗಿದ್ದು ಹಣ ಮಾತ್ರವಲ್ಲ. ಚಿಕ್ಕಂದಿನಿಂದ ಒಳ್ಳೆಯದು ಎಂದು ಕಲಿತದ್ದೆಲ್ಲ ತಲೆಕೆಳಗಾಯಿತು. ಆ ಸಿಟ್ಟು ಮುಂದಿನ ಹತ್ತು ವರ್ಷ ಆರಲಿಲ್ಲ. ರಾಜಕೀಯದ ಬೇರು ಹುಡುಕುತ್ತಾ ಹೋದರೆ ಇಲ್ಲಿಗೂ ಬರಲೇಬೇಕು.

ಹಿಟ್ಲರ್ ಹೆಸರು ಇಡೀ ಲೇಖನದ ಮೇಲೆ ನೆರಳಿನಂತೆ ಇರಬೇಕಿತ್ತು ಎಂದೂ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. 1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ ಅನ್ನುವುದು ನಮಗೆ ಗೊತ್ತು. 1923ರಲ್ಲಿ ಬದುಕಿದ್ದವರಿಗೆ ಗೊತ್ತಿರಲಿಲ್ಲ. 1928ರ ಮೇ ಚುನಾವಣೆಯಲ್ಲಿ ಹಿಟ್ಲರ್‌ನ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇಕಡ 2.6 ಮತ, ಸಂಸತ್ತಿನಲ್ಲಿ 12 ಸ್ಥಾನ. 1930ರಲ್ಲಿ 107, 1932ರ ಜುಲೈನಲ್ಲಿ 230. ಅದೇ ವರ್ಷದ ನವೆಂಬರ್‌ನಲ್ಲಿ 196ಕ್ಕೆ ಇಳಿಯಿತು. ಇನ್ನು ಇವರ ಕತೆ ಮುಗಿಯಿತು ಎಂದು ಆಗ ನೆಮ್ಮದಿಯ ಉಸಿರು ಬಿಟ್ಟವರು ದಡ್ಡರೇನಲ್ಲ. ಮೂರು ತಿಂಗಳೊಳಗೆ ಹಿಟ್ಲರ್ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ ಆದ. ಅವನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ಅಧ್ಯಕ್ಷ ಹಿಂಡೆನ್‌ಬರ್ಗ್, ಅದಕ್ಕೆ ಒಳಗಿಂದ ಒತ್ತಾಯ ಮಾಡಿದ್ದು ಮಾಜಿ ಚಾನ್ಸಲರ್ ಫಾನ್ ಪಾಪೆನ್. ಎಲ್ಲವೂ ಹಣೆಬರಹ ಎಂಬಂತೆ ಮೊದಲ ಸಾಲಿನಿಂದಲೇ ಬರೆದರೆ ಇವರ ಹೊಣೆ ಕಾಣುವುದೇ ಇಲ್ಲ. ನನಗೆ ಭಯವಿರುವುದು ಅದರ ಬಗ್ಗೆ.

ಈಗ ನೀವು ಸರಿಯಾಗಿ ಹಿಡಿದ ತಪ್ಪು. ಲೇಖಕರು ಮ್ಯೂನಿಕ್ ದಂಗೆಯ ಬಗ್ಗೆ ಎರಡು ಪ್ಯಾರಾ ಬರೆದಿದ್ದರು. ಜಾಗ ಸಾಲದೆ ಕತ್ತರಿಸಿದ್ದು ನಾನು. ಕತ್ತರಿಸಬಾರದಿತ್ತು. ಮೊದಲ ಪ್ರಸಾರವಾಗಿ ಹತ್ತೇ ದಿನಕ್ಕೆ, ನವೆಂಬರ್ 8 ಮತ್ತು 9ರಂದು ನಡೆದ ಘಟನೆ ಅದು. ನಾಲ್ವರು ಪೊಲೀಸರು ಸತ್ತರು. ದೇಶದ್ರೋಹದ ಮೊಕದ್ದಮೆಯಲ್ಲಿ ಹಿಟ್ಲರ್‌ಗೆ ಆದದ್ದು ಐದು ವರ್ಷ, ತೀರ್ಪು ಬಂದು ಒಂಬತ್ತು ತಿಂಗಳು ತುಂಬುವ ಮೊದಲೇ ಬಿಡುಗಡೆ. ಆ ನ್ಯಾಯಾಧೀಶರ ಮನಸ್ಸು ಎಂಥದ್ದು, ಯಾರನ್ನು ಅವರು ದೇಶಭಕ್ತರೆಂದು ನೋಡುತ್ತಿದ್ದರು? ಇದೂ ಸಂಸ್ಕೃತಿಯ ಚರಿತ್ರೆಯೇ. ಕುಣಿತ, ಹಾಡು ಮಾತ್ರ ಸಂಸ್ಕೃತಿ ಎಂದುಕೊಂಡು ಕತ್ತರಿ ಆಡಿಸಿದ್ದು ನನ್ನ ತಪ್ಪು.

ನೀವು ಹೇಳದೆ ಬಿಟ್ಟ ಇನ್ನೊಂದು ತಪ್ಪೂ ಇದೆ. ಬರ್ಲಿನ್ ಎಂದರೆ ಜರ್ಮನಿ ಎಂಬಂತೆ ಲೇಖನ ಓದಿಸಿಕೊಂಡಿತು. ಆಗ ಜರ್ಮನಿಯಲ್ಲಿ ಆರು ಕೋಟಿಗೂ ಹೆಚ್ಚು ಜನರಿದ್ದರು, ಬರ್ಲಿನ್‌ನಲ್ಲಿ ಸುಮಾರು 40 ಲಕ್ಷ. ಹದಿನೈದು ಜನರಲ್ಲಿ ಒಬ್ಬರು, ಅಷ್ಟೇ. ಉಳಿದವರಲ್ಲಿ ಎಷ್ಟೋ ಮಂದಿಗೆ ಆ ನಗರದ ದೀಪಗಳನ್ನು ಕಂಡರೆ ಆಗುತ್ತಿರಲಿಲ್ಲ. ಇಂಥ ಕಾಲದ ಬಗ್ಗೆ ಬರೆಯುವವರೆಲ್ಲ ಬೆಳಕಿದ್ದ ಕಡೆಗೇ ಹೋಗುತ್ತಾರೆ, ಯಾಕೆಂದರೆ ಫೋಟೋ, ಪೋಸ್ಟರ್, ನೆನಪಿನ ಪುಸ್ತಕಗಳೆಲ್ಲ ಅಲ್ಲೇ ಜಾಸ್ತಿ. ಹಳ್ಳಿಯ ರೈತನನ್ನು ಹುಡುಕಲು ಸಾಲಪತ್ರ, ಹರಾಜಿನ ನೋಟಿಸುಗಳ ಕಟ್ಟು ಬಿಚ್ಚಬೇಕು.

ಲೇಖನದ ಭಾಷೆ ತೀರಾ ಸರಳವಾಯಿತು ಎಂಬ ನಿಮ್ಮ ಇನ್ನೊಂದು ದೂರನ್ನು ಮಾತ್ರ ಒಪ್ಪಲಾರೆ. ಸರಳವಾಗಿ ಬರೆಯುವುದೇ ನಮ್ಮ ಕೆಲಸ. ಆದರೆ ಸರಳತೆಯ ನೆಪದಲ್ಲಿ, ಸತ್ತವರ ಮನಸ್ಸಿನೊಳಗೆ ನಾವೇ ಮಾತು ತುಂಬುವ ಹಾಗಿಲ್ಲ. "ಆ ರಾತ್ರಿ ಆಕೆ ಹೀಗೆ ಅಂದುಕೊಂಡಿರಬೇಕು" ಎಂಬ ಒಂದು ಸಾಲು ನಮ್ಮಲ್ಲಿ ನುಸುಳಿತ್ತು. ಅದನ್ನು ಹಿಂತೆಗೆದುಕೊಳ್ಳುತ್ತೇವೆ.

ಕತ್ತರಿಸಿದ ಆ ಎರಡು ಪ್ಯಾರಾಗಳನ್ನು ಈ ಸಂಚಿಕೆಯಲ್ಲೇ ಅಚ್ಚು ಹಾಕಿದ್ದೇವೆ. ಮುಂದಿನ ಲೇಖನ ಬರ್ಲಿನ್ ಬಿಟ್ಟು ಉತ್ತರದ ಶ್ಲೆಸ್ವಿಗ್ ಹೋಲ್‌ಸ್ಟೈನ್‌ಗೆ ಹೋಗುತ್ತದೆ. 1932ರ ಜುಲೈನಲ್ಲಿ ಅರ್ಧಕ್ಕಿಂತ ಜಾಸ್ತಿ ಮತಗಳನ್ನು ನಾಜಿಗಳಿಗೆ ಕೊಟ್ಟ ರೈತರ ಸೀಮೆ ಅದು. ಓದಿ, ಮತ್ತೆ ಬರೆಯಿರಿ.

ಸಂಪಾದಕ