ಆಯಿಲ್ ಪ್ರೆಷರ್ 15ಕ್ಕೆ ಇಳಿದರೆ ಸ್ಪ್ರಿಂಗ್‌ಗೆ ವಾಷರ್ ಹಾಕಿಸಬೇಕಾ?

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ಅಜ್ಜನ ಕಾಲದ 1967ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಶೆಡ್ಡಿನಲ್ಲೇ ನಿಂತಿತ್ತು. ಕಳೆದ ವರ್ಷ ರಿಪೇರಿ ಮಾಡಿಸಿ ಓಡಿಸುತ್ತಿದ್ದೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಪ್ರೆಷರ್ ಮುಳ್ಳು 70 ದಾಟುತ್ತದೆ. ಕುಶಾಲನಗರದಿಂದ ಹತ್ತಿ ಬಂದು ಮಡಿಕೇರಿ ಪೇಟೆಯಲ್ಲಿ ನಿಂತರೆ 15ಕ್ಕೆ ಇಳಿಯುತ್ತದೆ. ಬಿಸಿ ಎಂಜಿನ್‌ನಲ್ಲಿ 80 ಕಿ.ಮೀ. ವೇಗದಲ್ಲಿ 55 ತೋರಿಸುತ್ತದೆ. ಹೆಚ್ಚಾದ ಪ್ರೆಷರ್ ಬಿಡುವ ರಿಲೀಫ್ ವಾಲ್ವ್‌ನ ಸ್ಪ್ರಿಂಗ್ ಹಿಂದೆ ಎರಡು ವಾಷರ್ ಹಾಕಿದರೆ ಸರಿಹೋಗುತ್ತದೆ ಅಂತಾರೆ ಮೆಕ್ಯಾನಿಕ್. ಹಾಕಿಸಲಾ? ಇನ್ನೊಂದು, ಸಂಪಾಜೆ ಘಾಟಿಯ ಉದ್ದ ತಿರುವುಗಳಲ್ಲಿ ಮುಳ್ಳು ಒಮ್ಮೆಗೇ ಕೆಳಗೆ ಬಿದ್ದು ಮತ್ತೆ ಏಳುತ್ತದೆ. ಅದೇನು?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಜವಾದ ಅಪಾಯ ಇರುವುದು ಅಲ್ಲಿ.

ತಿರುವಿನಲ್ಲಿ ಆಯಿಲ್, ಎಂಜಿನ್ ತಳದಲ್ಲಿ ಅದು ನಿಲ್ಲುವ ಚೇಂಬರಿನ ಒಂದು ಪಕ್ಕಕ್ಕೆ ಸರಿಯುತ್ತದೆ. ಮಟ್ಟ ಕಡಿಮೆಯಿದ್ದರೆ ಪಂಪ್ ಗಾಳಿ ಎಳೆಯುತ್ತದೆ. ಆ ಕ್ಷಣ ಬೇರಿಂಗ್‌ಗಳಿಗೆ ಆಯಿಲ್ ಹೋಗುವುದಿಲ್ಲ. ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಿ. (ಕೊಡಗಿನಲ್ಲಿ ಸಮತಟ್ಟು ಜಾಗ ಎಲ್ಲಿ ಅಂತ ಕೇಳಬೇಡಿ, ಕಾಫಿ ಒಣಗಿಸುವ ಕಣ ಇದೆ ಅಲ್ವಾ?) ಮೇಲಿನ ಗೆರೆಯವರೆಗೆ ತುಂಬಿಸಿ. ಅದು ಆಗುವವರೆಗೆ ಘಾಟಿ ಕಡೆ ಹೋಗಬೇಡಿ. ತುಂಬಿಸಿದ ಮೇಲೂ ಮುಳ್ಳು ಬಿದ್ದರೆ ಚೇಂಬರ್ ಬಿಚ್ಚಿಸಿ, ಆಯಿಲ್ ಎಳೆಯುವ ಪೈಪು ಸಡಿಲವಾಗಿದೆಯಾ, ಅದರ ಜಾಲರಿ ಕಟ್ಟಿದೆಯಾ ನೋಡಿಸಿ. ವರ್ಷಗಟ್ಟಲೆ ನಿಂತ ಕಾರಿನ ಚೇಂಬರ್ ತಳದಲ್ಲಿ ಕಪ್ಪು ಗಸಿ ಕೂತಿರುವುದು ಮಾಮೂಲು.

ಈಗ ಆ 15ರ ಕಥೆ. ನಿಮ್ಮ ಎಂಜಿನ್‌ಗೆ ವರ್ಕ್‌ಶಾಪ್ ಕೈಪಿಡಿ ಕೊಡುವ ಲೆಕ್ಕ ಹೀಗಿದೆ: ಓಡುವಾಗ 50ರಿಂದ 80 ಪಿಎಸ್‌ಐ (ಗೇಜ್ ತೋರಿಸುವ ಒತ್ತಡದ ಅಳತೆ), ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, 10ರಿಂದ 25. ನಿಮ್ಮ 55 ಮತ್ತು 15 ಎರಡೂ ಒಳಗೇ ಇವೆ. ಸುಮ್ನೆ ಗಾಬರಿಯಾಗಿದ್ದೀರಿ.

ವಾಷರ್ ಹಾಕಿಸಬೇಡಿ. ಪ್ರೆಷರ್ ಹುಟ್ಟುವುದು ಪಂಪ್ ತಳ್ಳುವ ಆಯಿಲ್‌ಗೆ ಬೇರಿಂಗ್‌ನ ಸಣ್ಣ ಸಂದುಗಳು ಅಡ್ಡ ಬರುವುದರಿಂದ. ರಿಲೀಫ್ ವಾಲ್ವ್‌ಗೆ ಇರುವ ಕೆಲಸ ಒಂದೇ. ಪ್ರೆಷರ್ 70ರ ಹತ್ತಿರ ಬಂದಾಗ ತೆರೆದುಕೊಂಡು ಹೆಚ್ಚಾದ ಆಯಿಲನ್ನು ಚೇಂಬರಿಗೆ ಬಿಡುವುದು. 15 ಇರುವಾಗ ಅದು ಮೊದಲೇ ಮುಚ್ಚಿಕೊಂಡಿರುತ್ತದೆ. ಮುಚ್ಚಿದ ಬಾಗಿಲನ್ನು ಇನ್ನೂ ಬಿಗಿಯಾಗಿ ಒತ್ತಿದರೆ ಏನು ಬಂತು? ಐಡ್ಲಿಂಗ್‌ನಲ್ಲಿ ಮುಳ್ಳು ಅಲ್ಲೇ ಇರುತ್ತದೆ. ಬದಲಾಗುವುದು ಬೆಳಗಿನ ಚಳಿಯಲ್ಲಿ. ಗಟ್ಟಿಯಾದ ಆಯಿಲ್ 90ರ ಮೇಲೆ ಹೋಗಿ ಫಿಲ್ಟರ್ ರಬ್ಬರು, ಆಯಿಲ್ ಕೂಲರ್ ಹೋಸು, ಪಂಪ್ ತಿರುಗಿಸುವ ಗೇರು, ಎಲ್ಲದರ ಮೇಲೂ ಭಾರ ಬೀಳುತ್ತದೆ.

ಹಾಗಾದರೆ ಆ ವಾಲ್ವ್ ಮುಟ್ಟುವುದು ಯಾವಾಗ? ನಿನ್ನೆ ಸರಿ ಇದ್ದದ್ದು ಇವತ್ತು ಎಲ್ಲ ವೇಗದಲ್ಲೂ ಕುಸಿದಾಗ. ವಾಲ್ವ್ ಕೂರುವ ಜಾಗದಲ್ಲಿ ಕಸ ಸಿಕ್ಕಿ ಅದು ತೆರೆದೇ ಉಳಿದಿರಬಹುದು. ಎಂಜಿನ್ನಿನ ಎಡಗಡೆ ಹಿಂಭಾಗದಲ್ಲಿ ಗುಮ್ಮಟದ ತಲೆಯ ನಟ್ ಇದೆ. ಅದನ್ನು ಬಿಚ್ಚಿದರೆ ಸ್ಪ್ರಿಂಗ್ ಮತ್ತು ಬಟ್ಟಲಿನಂಥ ವಾಲ್ವ್ ಹೊರಬರುತ್ತವೆ. ಎರಡನ್ನೂ ತೊಳೆದು, ಸ್ಪ್ರಿಂಗ್ ಉದ್ದ ಅಳೆಯಿರಿ. ಬಿಡಿಯಾಗಿ 3 ಇಂಚು ಇರಬೇಕು. ಕುಗ್ಗಿದ್ದರೆ ಹೊಸದು ಹಾಕಿ.

ಗೇಜನ್ನೂ ಕಣ್ಣುಮುಚ್ಚಿ ನಂಬಬೇಡಿ. ಬೇರೊಂದು ಟೆಸ್ಟ್ ಗೇಜ್ ಜೋಡಿಸಿ ಎರಡೂ ಒಂದೇ ಹೇಳುತ್ತವಾ ನೋಡಿ. ಈ ಕಾರಿನಲ್ಲಿ ಆಯಿಲ್ ನೇರವಾಗಿ ಸಣ್ಣ ಪೈಪಿನಲ್ಲಿ ಡ್ಯಾಶ್‌ಬೋರ್ಡ್‌ಗೇ ಬರುತ್ತದೆ. ಎಂಜಿನ್ ಕಡೆ ಒಂದು ರಬ್ಬರ್ ಹೋಸಿನ ತುಂಡು ಇರುತ್ತದೆ. ಅದು ಹಳೆಯದಾಗಿ ಒಡೆದರೆ ಪಂಪ್ ಆಯಿಲನ್ನೆಲ್ಲ ರಸ್ತೆಗೆ ಸುರಿಯುತ್ತದೆ. ನನ್ನ ಮಟ್ಟಿಗೆ ಈ ಕಾರಿನಲ್ಲಿ ಮೊದಲು ಬದಲಿಸಬೇಕಾದ ಸಾಮಾನು ಅದೇ. ಗೇಜ್ ಹೊರತೆಗೆಯುವಾಗ ಜೋಪಾನ. ಅದೇ ಡಬ್ಬಿಯಲ್ಲಿ ನೀರಿನ ಟೆಂಪರೇಚರ್ ಮುಳ್ಳೂ ಇದೆ. ಅದರ ಕೂದಲಿನಂಥ ತೆಳು ನಾಳ ಮಡಚಿ ಮುರಿದರೆ ಆ ಭಾಗ ಸತ್ತಂತೆ.

ಮಳೆಗಾಲದಲ್ಲಿ ಇನ್ನೊಂದು ಕಾಟ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ, ಚೋಕ್ ಎಳೆದು ಸ್ವಲ್ಪ ದೂರ ಓಡಿಸುವುದು. ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಸುಡದ ಪೆಟ್ರೋಲ್ ಆಯಿಲ್‌ಗೆ ಇಳಿದು ತೆಳುವಾಗಿಸುತ್ತದೆ, ಪ್ರೆಷರ್ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಬೇರೆ ಯಾವ ಪರೀಕ್ಷೆಗೂ ಮೊದಲು ಆಯಿಲ್ ಮತ್ತು ಫಿಲ್ಟರ್ ಬದಲಿಸಿ. 20ಡಬ್ಲ್ಯು-50 ದರ್ಜೆಯ ಆಯಿಲ್ ಸಾಕು. ಮುಳ್ಳು ಮೇಲೆ ಕಾಣಲಿ ಅಂತ ಇನ್ನೂ ದಪ್ಪದ್ದು ಹಾಕಿದರೆ ಚಳಿಯಲ್ಲಿ ಅದು ಬೇರಿಂಗ್ ಮುಟ್ಟುವುದು ತಡವಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಬಿಸಿ ಎಂಜಿನ್ 3000 ಆರ್‌ಪಿಎಂನಲ್ಲಿ 50 ತಲುಪದಿದ್ದರೆ ಬೇರಿಂಗ್ ಶೆಲ್ ಅಥವಾ ಪಂಪ್ ಸವೆದಿದೆ ಎನ್ನಬಹುದು. ಕೆಳಗಿನಿಂದ ಕಟಕಟ ಸದ್ದೂ ಕೇಳಿದರೆ ಓಡಿಸಬೇಡಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.