ಗಜರಾಜ ಮುಂದೆ ಹೋಗಲ್ಲ ಮೇಷ್ಟ್ರೇ

ನಮಸ್ಕಾರ ಮೇಷ್ಟ್ರೇ,

ನೀವು ಕಳಿಸಿದ ಮೂರೂ ಕಥೆ ಓದಿದೆ, ಎರಡೆರಡು ಸಲ ಓದಿದೆ. ಮೂರನೇ ಕ್ಲಾಸಿನ ಮಕ್ಕಳಿಗೆ ಹೇಳ್ತಾ ಹೇಳ್ತಾ ಬರೆದಿದ್ದು ಅಂತ ಪತ್ರದಲ್ಲಿ ಹೇಳಿದೀರಿ, ಅದು ಓದುವಾಗ್ಲೇ ಗೊತ್ತಾಗುತ್ತೆ, ಎಲ್ಲಿ ಮಕ್ಕಳು ನಕ್ಕಿರ್ತಾರೆ, ಎಲ್ಲಿ "ಆಮೇಲೆ ಸಾರ್?" ಅಂದಿರ್ತಾರೆ ಅಂತ ಕಿವಿಗೇ ಕೇಳಿಸುತ್ತೆ. ಆದ್ರೂ ಈಗಿರೋ ಹಾಗೆ ಮೂರರಲ್ಲಿ ಒಂದನ್ನೂ ನಾವು ಪ್ರಿಂಟ್ ಮಾಡೋಕಾಗಲ್ಲ. ಯಾಕೆ ಅಂತ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ಮೊದಲು ಆನೆ ಕಥೆ. ಬೇಸಿಗೇಲಿ ಕಾಡಿನ ಕೆರೆ ಒಣಗುತ್ತೆ, ಗಜರಾಜ ಹಿಂಡನ್ನ ಕರ್ಕೊಂಡು ಕಬಿನಿ ಹಿನ್ನೀರಿಗೆ ಹೊರಡ್ತಾನೆ, ಹೆಣ್ಣಾನೆಗಳು ಹೆದರ್ಕೊಂಡು ಹಿಂದೆ ಹಿಂದೆ ಹೋಗ್ತವೆ, ದಾರೀಲಿ ಮರಿ ಹಳ್ಳಕ್ಕೆ ಬಿದ್ದಾಗ ಅಮ್ಮ ಆನೆ ಅಳ್ತಾ ನಿಂತಿರುತ್ತೆ, ಗಜರಾಜ ಬಂದು ಸೊಂಡಿಲು ಹಾಕಿ ಎತ್ತುತ್ತಾನೆ. ಕಾಡಲ್ಲಿ ಹೀಗೆ ನಡೆಯಲ್ಲ ಮೇಷ್ಟ್ರೇ. ಆನೆ ಹಿಂಡು ಅಂದ್ರೆ ಒಬ್ಬ ಅಜ್ಜಿ, ಅವಳ ಹೆಣ್ಣುಮಕ್ಕಳು, ಮೊಮ್ಮಕ್ಕಳು. ಎಲ್ಲಿ ನೀರಿದೆ, ಯಾವ ದಾರಿ ಹಿಡೀಬೇಕು ಅನ್ನೋದು ಆ ಮುದುಕಿ ತಲೇಲಿರುತ್ತೆ, ಅವಳು ಹೊರಟ್ರೆ ಹಿಂಡು ಹೊರಡುತ್ತೆ. ಗಂಡುಮರಿ ಹತ್ತು ಹದಿನೈದು ವರ್ಷಕ್ಕೆಲ್ಲ ಹಿಂಡು ಬಿಟ್ಟು ಹೋಗ್ಬಿಡುತ್ತೆ. ಒಂಟಿ ಸಲಗ ಅಂತ ನಾವೇ ಅಂತೀವಲ್ಲ, ಅದು ಯಾಕೆ ಒಂಟಿ ಅಂತ ಕಥೆ ಬರೆಯೋವಾಗ ಯಾರೂ ಕೇಳ್ಕೊಳ್ಳಲ್ಲ. ದಸರಾದಲ್ಲಿ ಅಂಬಾರಿ ಹೊರೋದು ಗಂಡಾನೆ, ಎರಡು ಪಕ್ಕದಲ್ಲಿ ಜೊತೆಗೆ ನಡೆಯೋ ಕುಮ್ಕಿ ಹೆಣ್ಣಾನೆಗಳು, ಹಾಗಾಗಿ ನಮ್ಮ ಕಣ್ಣಲ್ಲಿ ಮುಂದಾಳು ಆನೆ ಅಂದ್ರೆ ಗಜರಾಜನೇ ಕೂತ್ಬಿಟ್ಟಿದಾನೆ. ಆದ್ರೆ ದೇಶದಲ್ಲೇ ಅತಿ ಹೆಚ್ಚು ಕಾಡಾನೆ ಇರೋದು ನಮ್ಮ ರಾಜ್ಯದಲ್ಲಿ, ನಾವೇ ತಪ್ಪು ಹೇಳಿಕೊಟ್ರೆ ಹೇಗೆ?

ಇನ್ನೊಂದು ನೋಡಿ. ನಿಮ್ಮ ಗಜರಾಜ "ಬಂದ", "ಎತ್ತಿದ", "ಘೀಳಿಟ್ಟ". ಅಮ್ಮ ಆನೆ "ಬಂತು", "ಅತ್ತಿತು". ಅಂದ್ರೆ ಗಂಡಾನೆ ಒಬ್ಬ ವ್ಯಕ್ತಿ, ಹೆಣ್ಣಾನೆ ಬರೀ ಒಂದು ಪ್ರಾಣಿ. ನೀವು ಬೇಕಂತ ಮಾಡಿಲ್ಲ, ಕೈ ತಾನಾಗಿ ಹಾಗೆ ಓಡಿದೆ, ಅದಕ್ಕೇ ಹೇಳ್ತಿರೋದು. ಎಲ್ಲಾ ಕಡೆ ಹೀಗೇ ಓಡಿದೆ. ಅಮೆರಿಕದಲ್ಲಿ 1900ರಿಂದ 2000ದವರೆಗೆ ಬಂದ 5,618 ಮಕ್ಕಳ ಪುಸ್ತಕ ಕೂತ್ಕೊಂಡು ಎಣಿಸಿ 2011ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು, ಗಂಡು ಪ್ರಾಣಿ ಮುಖ್ಯ ಪಾತ್ರ ಆಗಿರೋದು ವರ್ಷಕ್ಕೆ ಸರಾಸರಿ ಶೇಕಡಾ 23ಕ್ಕಿಂತ ಹೆಚ್ಚು ಪುಸ್ತಕದಲ್ಲಿ, ಹೆಣ್ಣು ಪ್ರಾಣಿ ಶೇಕಡಾ 7.5ರಲ್ಲಿ. ನಮ್ಮಲ್ಲೂ ಕರಡಿಯಣ್ಣ, ನರಿಯಣ್ಣ, ಸಿಂಹರಾಜ. ಕಾಗಕ್ಕ ಗುಬ್ಬಕ್ಕ ಬಿಟ್ರೆ ಅಕ್ಕಂದಿರು ಎಷ್ಟು ಜನ ಇದಾರೆ ಹೇಳಿ.

ತಾಯಿ ಅಂತ ತೋರಿಸಿದ್ದು ತಪ್ಪು ಅಂತಿಲ್ಲ. ಪುಣ್ಯಕೋಟಿನೂ ತಾಯೀನೇ. ಕರುನ ಬೇರೆ ಹಸುಗಳಿಗೆ ಒಪ್ಪಿಸಿ ತಾನೇ ಹುಲಿ ಹತ್ರ ವಾಪಸ್ ನಡ್ಕೊಂಡು ಹೋಗ್ತಾಳೆ, ಕಥೆ ತಿರುಗೋದೇ ಅವಳ ನಡಿಗೇಲಿ. ನಿಮ್ಮ ಅಮ್ಮ ಆನೆ ನಿಂತಲ್ಲೇ ನಿಂತಿದೆ.

ಎರಡನೇದು, ಅಜ್ಜಿ ಮನೆ ರಜೆ. ಪೆನ್ಸಿಲ್ ತಗೊಂಡು ಕಿಟ್ಟು ಮಾಡೋ ಕೆಲಸಕ್ಕೆಲ್ಲ ಗೆರೆ ಎಳೆದೆ, ಚಿನ್ನಿ ಮಾಡೋದಕ್ಕೆ ಸುತ್ತು ಹಾಕಿದೆ. ಕಿಟ್ಟು ಹತ್ತಿದ, ಹಾರಿದ, ಕಿತ್ತ, ಓಡಿದ, ಹುಡುಕಿದ. ಚಿನ್ನಿ ನೋಡಿದಳು, ಹೆದರಿದಳು, ಬೇಡ ಅಂದಳು, ಬಡಿಸಿದಳು, ನಕ್ಕಳು. ಮಾವಿನಮರ ಇಡೀ ಕಥೇಲಿದೆ, ಅವಳು ಒಂದ್ಸಲಾನೂ ಅದನ್ನ ಮುಟ್ಟಲ್ಲ. ಕನ್ನಡದಲ್ಲಿ ಹೀಗೆ ಬರೆಯೋವಾಗ ಕ್ರಿಯಾಪದದ ಬಾಲದಲ್ಲೇ ಅವನೋ ಅವಳೋ ಅಂಟ್ಕೊಂಡಿರುತ್ತೆ, ಹಾಗಾಗಿ ಹತ್ತೋದು ಅವನ ಕೆಲಸ ಹೆದರೋದು ಅವಳ ಕೆಲಸ ಅಂತ ಮಗು ಸಾಲು ಸಾಲಿಗೂ ಕೇಳಿಸ್ಕೊಳ್ತಾ ಹೋಗುತ್ತೆ, ನೀವು ಎಲ್ಲೂ ಉಪದೇಶ ಮಾಡದೇ ಇದ್ರೂ. ಒಂದು ಕೆಲಸ ಮಾಡಿ, ಇಡೀ ಕಥೆ "ನಾನು" ಅಂತ ಬರೀರಿ. ನಾನು ಮರ ಹತ್ತಿದೆ, ನನಗೆ ಹೆದರಿಕೆ ಆಯ್ತು, ನಾನು ಬಡಿಸಿದೆ. ಇಲ್ಲಿ ಹುಡುಗನೋ ಹುಡುಗಿಯೋ ಗೊತ್ತೇ ಆಗಲ್ಲ. ಆಮೇಲೆ ಒಂದೊಂದೇ ಸಾಲನ್ನ ಯಾರಿಗೆ ಕೊಡೋದು ಅಂತ ಕೂತು ಹಂಚಿ.

ಅದೇ ಕಥೇಲಿ ಅಜ್ಜ ಗದ್ದೇಲಿ ದುಡೀತಾರೆ, ಅಜ್ಜಿ ಬುತ್ತಿ ತರ್ತಾರೆ. ಆ ಗದ್ದೆಗೆ ನಾಟಿ ಹಾಕಿದ್ದು ಯಾರು, ಬಗ್ಗಿ ಕಳೆ ಕಿತ್ತಿದ್ದು ಯಾರು? ನಿಮ್ಮೂರಲ್ಲೇ ನಿಂತು ನೋಡಿ, ಹೆಚ್ಚಿನವರು ಹೆಂಗಸರೇ ಇರ್ತಾರೆ. ಇನ್ನು ನಿಮ್ಮ ಕಥೇಲಿ ಅಡುಗೆಮನೆಗೆ ಒಬ್ಬ ಗಂಡಸೂ ಕಾಲಿಡಲ್ಲ. ಮದುವೆಮನೆ ಹಿಂದ್ಗಡೆ ಹೋದ್ರೆ ಅಡುಗೆ ಭಟ್ರು ಪಂಚೆ ಎತ್ತಿಕಟ್ಟಿ ಕೊಪ್ಪರಿಗೇಲಿ ಸಾರು ಕುದಿಸ್ತಿರ್ತಾರೆ, ಇನ್ನಿಬ್ರು ಗಂಡಸರು ಕೂತು ರಾಶಿ ಕಾಯಿ ತುರೀತಿರ್ತಾರೆ, ಅದು ಯಾರಿಗೂ ವಿಚಿತ್ರ ಅನ್ಸಲ್ಲ, ಅಪ್ಪ ಮನೇಲಿ ತುರಿದ್ರೆ ಮಾತ್ರ ವಿಚಿತ್ರ. 2024ರಲ್ಲಿ ಕೇರಳದ ಮೂರನೇ ಕ್ಲಾಸಿನ ಪಠ್ಯಪುಸ್ತಕದಲ್ಲಿ, ನಿಮ್ಮ ಮಕ್ಕಳ ವಯಸ್ಸಿನವರಿಗೇ, ಅಪ್ಪ ಅಡುಗೆಮನೇಲಿ ಕೂತು ಕಾಯಿ ತುರಿಯೋ ಚಿತ್ರ ಹಾಕಿದ್ರು, ಅದು ಬೇರೆ ರಾಜ್ಯದ ಪೇಪರಲ್ಲೂ ಸುದ್ದಿ ಆಯ್ತು. ಒಂದು ಕಾಯಿ ತುರಿಯೋದು ಸುದ್ದಿ ಆಗ್ಬೇಕಾದ್ರೆ ಅಲ್ಲೀವರೆಗೆ ಮಕ್ಕಳಿಗೆ ಏನು ತೋರಿಸ್ತಿದ್ವಿ ಅಂತ ಯೋಚನೆ ಮಾಡಿ.

ಮೂರನೇ ಕಥೆ ನಿಮಗೆ ತುಂಬಾ ಇಷ್ಟ ಅಂತ ಗೊತ್ತು, ಹೆಣ್ಣುಮಕ್ಕಳಿಗೆ ಸ್ಫೂರ್ತಿ ಆಗಲಿ ಅಂತಾನೇ ಬರೆದಿದೀರಿ. ಆದ್ರೆ ನನಗೆ ಜಾಸ್ತಿ ನೋವಾಗಿದ್ದು ಇದರಲ್ಲೇ. ಹುಡುಗಿ ಕ್ರಿಕೆಟ್ ಆಡ್ತಾಳೆ, ಸರಿ, ಆಡಲಿ. ಅವಳು ದೊಡ್ಡವಳು ಅಂತ ತೋರಿಸೋಕೆ ಉಳಿದ ಹುಡುಗೀರನ್ನ ಯಾಕೆ ಚಿಕ್ಕವರು ಮಾಡಿದ್ರಿ? "ಅವರು ಬರೀ ರಂಗೋಲಿ ಹಾಕೋಕೆ ಲಾಯಕ್ಕು" ಅಂತ ಬರೆದಿದೀರಿ. 15 ಚುಕ್ಕಿಯಿಂದ 8ರವರೆಗೆ ಇಟ್ಟು ಒಂದು ಎಳೇನೂ ತಪ್ಪದ ಹಾಗೆ ಸುತ್ತಿಸಿ ತರೋದು ಎಂಥ ಲೆಕ್ಕ ಅಂತ ಒಂದ್ಸಲ ನೀವೇ ಹಾಕಿ ನೋಡಿ. ಅದಾದ್ಮೇಲೆ ಮೊದಲನೇ ಬಾಲಿಗೇ ಔಟಾದ ಹುಡುಗ ಅಳ್ತಾನೆ, ನಿಮ್ಮ ನಾಯಕಿ "ಹೆಣ್ಣಿನ ಥರ ಅಳ್ಬೇಡ ಕಣೋ" ಅಂತಾಳೆ, ಇಡೀ ಕ್ಲಾಸು ನಗುತ್ತೆ. ಒಂದು ಹುಡುಗಿ ಬಾಯಲ್ಲೇ ಈ ಮಾತು! ನೀವು ಇದನ್ನ ಕ್ಲಾಸಲ್ಲಿ ಓದ್ತಿರೋವಾಗ ಕೊನೇ ಬೆಂಚಲ್ಲಿ ಒಬ್ಬ ಹುಡುಗ ಇರ್ತಾನೆ, ಬೇಗ ಕಣ್ಣಲ್ಲಿ ನೀರು ಬರೋನು, ಅವನು ಎಲ್ಲರ ಜೊತೆ ನಗ್ತಾನೆ, ನಕ್ಕು ಅವತ್ತಿಂದ ಅಳೋದು ಬಿಡ್ತಾನೆ. ಈ ಪುಟ ತಿದ್ದೋದು ಬೇಡ, ತೆಗೆದುಹಾಕಿ.

ನಮ್ಮದೂ ಒಂದು ತಪ್ಪು ಹೇಳ್ತೀನಿ. ಕೆಲವು ವರ್ಷದ ಹಿಂದೆ ಒಂದು ಪುಸ್ತಕದಲ್ಲಿ "ಡಾಕ್ಟರ್ ಬಂದರು" ಅಂತ ಇತ್ತು. ಅಷ್ಟೇ ಇತ್ತು. "ಬಂದರು" ಅಂದ್ರೆ ಗಂಡಸೂ ಆಗಬಹುದು ಹೆಂಗಸೂ ಆಗಬಹುದು, ಕನ್ನಡದ ಮರ್ಯಾದೆ ಮಾತು ಇಬ್ಬರಿಗೂ ಒಂದೇ. ಆದ್ರೆ ಚಿತ್ರ ಬಂದಾಗ ಮೀಸೆ, ಕನ್ನಡಕ, ಕತ್ತಲ್ಲಿ ಸ್ಟೆತಸ್ಕೋಪು. ನಾನೂ ನೋಡಿ ಓಕೆ ಮಾಡಿದ್ದೆ. ಆಮೇಲೆ ಒಂದು ಹಳ್ಳಿ ಶಾಲೇಲಿ ಓದ್ತಿರೋವಾಗ ಏಳೆಂಟು ವರ್ಷದ ಹುಡುಗಿ ಚಿತ್ರದ ಮೇಲೆ ಬೆರಳಿಟ್ಟು "ಇದು ತಪ್ಪು, ಡಾಕ್ಟ್ರು ಸೀರೆ ಉಡ್ತಾರೆ" ಅಂದ್ಳು. ಅವಳು ನೋಡಿದ್ದ ಡಾಕ್ಟರ್ ಆ ಊರ ಆಸ್ಪತ್ರೆ ಮೇಡಂ ಒಬ್ಬರೇ. ಅಲ್ಲಿಂದ ಈಚೆಗೆ ಪ್ರತಿ ಕಥೆ ಜೊತೆ ಚಿತ್ರ ಬರೆಯೋರಿಗೆ ಅಂತ ಒಂದು ಟಿಪ್ಪಣಿ ಇಡ್ತೀವಿ, ಡಾಕ್ಟರ್ ಯಾರು, ಕಂಡಕ್ಟರ್ ಯಾರು, ಅಂಗಡಿ ಗಲ್ಲಾದಲ್ಲಿ ಕೂತಿರೋದು ಯಾರು ಅಂತ. ಬರೆದಿಡದೇ ಇದ್ರೆ ಎಲ್ಲಾ ಗಂಡಸರೇ ಆಗ್ತಾರೆ.

ಮೊದಲು ಆನೆ ಕಥೆ ತಿದ್ದಿ ಕಳಿಸಿ, ಉಳಿದೆರಡು ನಿಧಾನಕ್ಕೆ. ಮರಿ ಹಳ್ಳಕ್ಕೆ ಬೀಳೋದು ಹಾಗೇ ಇರಲಿ, ಅಜ್ಜಿ, ಅಮ್ಮ, ಚಿಕ್ಕಮ್ಮ ಎಲ್ಲಾ ಸೇರಿ ದಡದ ಮಣ್ಣು ಕಾಲಲ್ಲಿ ಕೆರೆದು ಇಳಿಜಾರು ಮಾಡಿ ಹಿಂದಿಂದ ತಳ್ಳಲಿ, ಅದೇ ಎರಡು ಪುಟ ಆಗುತ್ತೆ, ಮಕ್ಕಳು ಉಸಿರು ಹಿಡ್ಕೊಂಡು ಕೇಳ್ತಾರೆ. ನೀರಿನ ವಾಸನೆ ಬಂದ ಕೂಡ್ಲೇ ಮರಿ ಬಾಲ ಎತ್ತಿ ಓಡೋ ಸಾಲಿದೆಯಲ್ಲ, ಅದರಲ್ಲಿ ಒಂದಕ್ಷರಾನೂ ಮುಟ್ಟಬೇಡಿ. ಚಿತ್ರದ ಟಿಪ್ಪಣಿ ನಾನೇ ಬರೆದಿಟ್ಟಿದೀನಿ: ಮುಂದೆ ನಡೆಯೋ ಆನೆ ಮುದುಕಿ, ಕಿವಿ ಅಂಚು ಹರಿದಿದೆ, ದಂತ ಇಲ್ಲ.