ಬೂದಿಯ ಮೇಲೆ ಹೆಸರು ಬರೆದಿರುತ್ತದೆಯೇ?

‘ಕಳೆದ ಸಂಚಿಕೆಯ ಲಾಕೀಷ್ ಲೇಖನ ಓದಿದೆ. ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ಆ ಊರನ್ನು ಸುಟ್ಟನೆಂದು ಖಡಾಖಂಡಿತವಾಗಿ ಬರೆದಿದ್ದೀರಿ. ಬೈಬಲಿನಲ್ಲಿ ಊರಿನ ಹೆಸರು ಸಿಕ್ಕಿತು, ನೆಲದಲ್ಲಿ ಬೂದಿ ಸಿಕ್ಕಿತು, ಎರಡನ್ನೂ ಗಂಟು ಹಾಕಿದಿರಿ. ಬೂದಿಯ ಮೇಲೆ ಸುಟ್ಟವನ ಹೆಸರು ಬರೆದಿರುತ್ತದೆಯೇ? ಅಂದ ಹಾಗೆ, ಶಿಲ್ಪದ ಚಿತ್ರದ ಕೆಳಗೆ ಬಾಬಿಲೋನಿನ ಸೈನಿಕರು ಎಂದಿದೆ. ಅವರೆಲ್ಲಿಂದ ಬಂದರು?’
– ಧಾರವಾಡದಿಂದ ಒಬ್ಬ ನಿವೃತ್ತ ಉಪನ್ಯಾಸಕರು

ಮಾನ್ಯರೇ,

ಬರೆದಿರುವುದಿಲ್ಲ. ಅದಕ್ಕೇ ಲಾಕೀಷಿನ ಬೂದಿಯ ಬಗ್ಗೆ ವಿದ್ವಾಂಸರು ದಶಕಗಟ್ಟಲೆ ವಾದಿಸಿದರು.

ಪ್ರಾಚೀನ ಯೆಹೂದ ರಾಜ್ಯದ ಕೋಟೆಯೂರಾಗಿದ್ದ ಲಾಕೀಷ್ ಈಗ ಜೆರುಸಲೇಮಿನ ನೈರುತ್ಯಕ್ಕಿರುವ ಒಂದು ದಿಬ್ಬ. ಅದನ್ನು 1932ರಿಂದ ಅಗೆದವರು ಬ್ರಿಟಿಷ್ ಪುರಾತತ್ತ್ವಜ್ಞ ಜೇಮ್ಸ್ ಸ್ಟಾರ್ಕಿ. ಅವರಿಗೆ ಒಂದರ ಮೇಲೊಂದು ಸುಟ್ಟ ಪದರಗಳು ಸಿಕ್ಕವು. ಮೇಲಿನದು ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಸುಟ್ಟದ್ದು, ಅದರಲ್ಲಿ ತಕರಾರಿರಲಿಲ್ಲ. ಅದರ ಕೆಳಗಿನದೂ ಬಾಬಿಲೋನಿನವರದೇ, 597ರದ್ದು ಎಂದರು ಸ್ಟಾರ್ಕಿ. 1938ರಲ್ಲಿ ಅವರು ದಾರಿಯಲ್ಲೇ ಕೊಲೆಯಾದರು. ಅಲ್ಲಿ ಸಿಕ್ಕದ್ದನ್ನೆಲ್ಲ ವರ್ಷಗಟ್ಟಲೆ ಕೂತು ವಿಂಗಡಿಸಿ ಪ್ರಕಟಿಸಿದ ಸಹೋದ್ಯೋಗಿ ಓಲ್ಗಾ ಟಫ್ನೆಲ್ ಇದನ್ನು ಒಪ್ಪಲಿಲ್ಲ. ಎರಡು ಪದರಗಳ ಮಡಕೆ ಕುಡಿಕೆಗಳ ಆಕಾರವೇ ಬೇರೆ ಬೇರೆ. ಹತ್ತು ಹನ್ನೊಂದು ವರ್ಷದಲ್ಲಿ ಒಂದು ಊರಿನ ಅಡುಗೆಮನೆ ಅಷ್ಟು ಬದಲಾಗುವುದಿಲ್ಲ. ನಡುವೆ ತಲೆಮಾರುಗಳೇ ಕಳೆದಿರಬೇಕು, ಹಾಗಾಗಿ ಕೆಳಗಿನದು 701ರದ್ದು ಎಂದು ಅವರು ವಾದಿಸಿದರು. ಇಷ್ಟಾದರೂ ಜಗಳ ಮುಗಿಯಲಿಲ್ಲ. 1973ರಿಂದ ಡೇವಿಡ್ ಉಸ್ಸಿಷ್ಕಿನ್ ಹೊಸದಾಗಿ ಅಗೆದ ಮೇಲೆಯೇ ಟಫ್ನೆಲ್ ಮಾತು ಗಟ್ಟಿಯಾಯಿತು. ಬೋಕಿಗಳನ್ನು ನಂಬಿ ತನ್ನ ಮುಖ್ಯಸ್ಥನ ಮಾತನ್ನೇ ತಳ್ಳಿಹಾಕಿದ ಆ ಹೆಂಗಸಿನ ಹೆಸರು ನಮ್ಮ ಲೇಖನದಲ್ಲಿ ಬರಲೇಬೇಕಿತ್ತು. ಪುಟ ಸಾಲದೆ ಕತ್ತರಿ ಆಡಿಸಿದವನು ನಾನೇ.

ಆದರೆ ಬೈಬಲಿಗೂ ಬೂದಿಗೂ ಗಂಟು ಹಾಕಿದೆವೆಂಬ ನಿಮ್ಮ ಆರೋಪವನ್ನು ಒಪ್ಪಲಾರೆ. ಲಾಕೀಷನ್ನು ಸನ್ಹೇರೀಬ ಸುಟ್ಟನೆಂದು ಬೈಬಲಿನಲ್ಲಿ ಎಲ್ಲೂ ಇಲ್ಲ. ಅವನು ಅಲ್ಲಿ ಬೀಡುಬಿಟ್ಟಿದ್ದ, ಯೆಹೂದದ ಅರಸ ಹಿಜ್ಕೀಯ ಅಲ್ಲಿಗೇ ತಪ್ಪೊಪ್ಪಿಗೆ ಕಳಿಸಿದ ಎಂದಷ್ಟೇ ಇದೆ. ಸನ್ಹೇರೀಬನ ಶಾಸನವೂ 46 ಕೋಟೆಯೂರುಗಳನ್ನು ಹಿಡಿದೆನೆಂದು ಕೊಚ್ಚಿಕೊಳ್ಳುತ್ತದೆಯೇ ಹೊರತು ಲಾಕೀಷಿನ ಹೆಸರೆತ್ತುವುದಿಲ್ಲ. ಹಿಜ್ಕೀಯ ತೆತ್ತ ಕಪ್ಪದ ವಿಷಯದಲ್ಲಿ ಇಬ್ಬರ ಲೆಕ್ಕವನ್ನೂ ನೋಡಿ: ಬಂಗಾರ ಎರಡರಲ್ಲೂ 30 ತಲಾಂತು (ಅಂದಿನ ತೂಕದ ಅಳತೆ), ಬೆಳ್ಳಿ ಮಾತ್ರ ಕೊಟ್ಟವರ ಕಡೆ 300, ಪಡೆದವರ ಕಡೆ 800!

ನಮ್ಮ ಖಚಿತ ಮಾತಿಗೆ ಆಧಾರ ಒಂದು ಗೋಡೆ. ತನ್ನ ರಾಜಧಾನಿ ನಿನೆವೆಯ ಅರಮನೆಯ ಒಂದು ಕೋಣೆಯನ್ನು ಸನ್ಹೇರೀಬ ಈ ಮುತ್ತಿಗೆಯ ಉಬ್ಬುಶಿಲ್ಪಗಳಿಂದಲೇ ತುಂಬಿಸಿದ್ದ. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕೋಟೆಯವರು ಮೇಲಿನಿಂದ ಕೊಳ್ಳಿಗಳನ್ನು ಎಸೆಯುತ್ತಿದ್ದಾರೆ. ಗೋಡೆ ಒಡೆಯುವ ಬಂಡಿಯೊಳಗಿನ ಸೈನಿಕನೊಬ್ಬ ಉದ್ದ ಹಿಡಿಯ ಸೌಟಿನಿಂದ ಬಂಡಿಗೆ ನೀರು ಸುರಿಯುತ್ತಿದ್ದಾನೆ, ಬೆಂಕಿ ಹತ್ತದಿರಲೆಂದು. ಇತ್ತ ಸೋತವರು ಎತ್ತಿನ ಗಾಡಿಯಲ್ಲಿ ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಊರು ಬಿಡುತ್ತಿದ್ದಾರೆ. ಸಿಂಹಾಸನದ ಮೇಲೆ ಕುಳಿತ ಅರಸನ ಪಕ್ಕದ ಬರಹ, ಲಾಕೀಷಿನ ಕೊಳ್ಳೆ ಅವನೆದುರು ಸಾಗಿತೆಂದು ಊರನ್ನು ಹೆಸರಿಸಿಯೇ ಹೇಳುತ್ತದೆ. ಆ ಅರಸನ ಮುಖವನ್ನು ಮುಂದೆ ಯಾರೋ ಕೆತ್ತಿ ಹಾಕಿದ್ದಾರೆ.

ಆ ಶಿಲ್ಪದ ಬಂಡಿಗಳು ಇಳಿಜಾರು ದಿಬ್ಬ ಹತ್ತಿ ಬರುತ್ತವೆ. ಲಾಕೀಷಿನ ನೈರುತ್ಯ ಮೂಲೆಯಲ್ಲಿ ಅಂಥದೇ ಕಲ್ಲಿನ ದಿಬ್ಬವಿದೆ. ಅಲ್ಲಿ ನೂರಾರು ಬಾಣದ ಮೊನೆಗಳೂ ಕವಣೆಕಲ್ಲುಗಳೂ ಸಿಕ್ಕಿವೆ. ಗೋಡೆಯ ಒಳಗಡೆ, ಕೋಟೆಯವರು ಅವಸರದಲ್ಲಿ ಸುರಿದ ಎದುರು ದಿಬ್ಬವೂ ಇದೆ. ಬೂದಿ ಹೇಳದ ಹೆಸರನ್ನು ಹೇಳುವುದು ಇವು.

ಮೇಲಿನ ಪದರದ ಹೆಬ್ಬಾಗಿಲ ಕೋಣೆಯಲ್ಲಿ 1935ರಲ್ಲಿ ಮಸಿಯಿಂದ ಬರೆದ ಬೋಕಿಗಳು ಸಿಕ್ಕವು. ಒಂದರಲ್ಲಿ, ಲಾಕೀಷಿನ ಬೆಂಕಿ ಸಂಕೇತಕ್ಕಾಗಿ ಕಾಯುತ್ತಿದ್ದೇವೆ, ಅಜೇಕ ನಮಗೆ ಕಾಣುತ್ತಿಲ್ಲ ಎಂದಿದೆ. ಅಜೇಕ ಯೆಹೂದದ ಇನ್ನೊಂದು ಕೋಟೆಯೂರು. ಅಜೇಕ ಬಿದ್ದೇಹೋಗಿತ್ತೆಂದು ಇದನ್ನು ಓದುವವರುಂಟು. ನಮ್ಮ ಲೇಖಕರೂ ಹಾಗೆಯೇ ಓದಿದರು. ನಿಮ್ಮ ಅನುಮಾನವನ್ನು ಇಲ್ಲಿ ಬಳಸಿದ್ದರೆ ನಾನು ಮರುಮಾತಿಲ್ಲದೆ ಸೋಲುತ್ತಿದ್ದೆ. ಗುಡ್ಡ ಅಡ್ಡ ಬಂದರೂ ಊರು ಕಾಣುವುದಿಲ್ಲ.

ಇನ್ನು ಬಾಬಿಲೋನಿನ ಸೈನಿಕರು: ಅವರು ನಮ್ಮ ಕಚೇರಿಯಿಂದಲೇ ಬಂದರು. ಶಿಲ್ಪದಲ್ಲಿರುವುದು ಅಶ್ಶೂರದವರು. ತಿದ್ದುಪಡಿ ಇದೇ ಪುಟದ ಕೆಳಗಿದೆ.

– ಸಂಪಾದಕ